ನೆಟ್ ಹೋದರೂ ಕಮಿಟ್ ನಿಲ್ಲಲ್ಲ

ತುಮಕೂರಿನಿಂದ ದಿನಾ ಬೆಳಗ್ಗೆ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರಲ್ಲಿ ಸಾಫ್ಟ್‌ವೇರ್‌ನವರೂ ಇದ್ದಾರೆ. ಸೀಟು ಸಿಕ್ಕರೆ ಲ್ಯಾಪ್‌ಟಾಪ್ ತೆರೆದು ಕೂರುತ್ತಾರೆ. ಕ್ಯಾತ್ಸಂದ್ರ ದಾಟಿ ಹಿರೇಹಳ್ಳಿ ಹತ್ತಿರ ಬರುವಷ್ಟರಲ್ಲಿ ಫೋನಿನ ಹಾಟ್‌ಸ್ಪಾಟ್ ಕೈಕೊಟ್ಟಿತು ಅಂತಿಟ್ಟುಕೊಳ್ಳಿ. ಮೇಲ್ ಹೋಗಲ್ಲ, ಮೀಟಿಂಗ್ ಆಗಲ್ಲ. ಆದರೆ ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಗಿಟ್ ಎಂಬ ಸಾಫ್ಟ್‌ವೇರಿನಲ್ಲಿ 'ಗಿಟ್ ಕಮಿಟ್' ಎಂದು ಹೊಡೆದರೆ, ಅಂದರೆ ಬದಲಾವಣೆಯನ್ನು ದಾಖಲಿಸಿದರೆ, ಅದು ಮಾತ್ರ ತಕ್ಷಣ ಆಗುತ್ತದೆ.

ಯಾಕಂದರೆ ಪ್ರಾಜೆಕ್ಟಿನ ಇತಿಹಾಸ ಪೂರ್ತಿ ಆ ಲ್ಯಾಪ್‌ಟಾಪಿನಲ್ಲೇ, ಕಣ್ಣಿಗೆ ಕಾಣದ ಒಂದು ಫೋಲ್ಡರಿನಲ್ಲಿ ಇರುತ್ತದೆ. ಸರ್ವರ್‌ನಿಂದ ಪ್ರಾಜೆಕ್ಟಿನ ಪ್ರತಿ ಇಳಿಸಿಕೊಂಡ, ಅಂದರೆ 'ಕ್ಲೋನ್' ಮಾಡಿದ ದಿನವೇ ಅಷ್ಟೂ ಇಳಿದು ಬಂದಿರುತ್ತದೆ. ಹಳೆಯ ಕಮಿಟ್‌ಗಳನ್ನು ತೋರಿಸುವ 'ಲಾಗ್', ಏನು ಬದಲಾಗಿದೆ ಎಂದು ಹೇಳುವ 'ಡಿಫ್', ಯಾವುದಕ್ಕೂ ಸರ್ವರ್ ಬೇಡ. ಸರ್ವರ್‌ನಿಂದ ಹೊಸದನ್ನು ತರುವ 'ಪುಲ್', ನಮ್ಮದನ್ನು ಅಲ್ಲಿಗೆ ಕಳಿಸುವ 'ಪುಷ್' ಮಾತ್ರ ನೆಟ್ ಬರೋ ತನಕ ಕಾಯಬೇಕು. ಇದೇ ಕೆಲಸಕ್ಕೆ ಗಿಟ್‌ಗೆ ಮೊದಲು ಎಲ್ಲೆಡೆ ಇದ್ದ ಸಬ್‌ವರ್ಷನ್ ಎಂಬ ಸಾಫ್ಟ್‌ವೇರಿನಲ್ಲಿ ಕಮಿಟ್‌ಗೂ ಸರ್ವರ್ ಸಿಗಲೇಬೇಕಿತ್ತು.

ಗಿಟ್ ಹುಟ್ಟಿದ್ದು 2005ರ ಏಪ್ರಿಲ್‌ನಲ್ಲಿ. ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಬರೆಯುವ ತಂಡಕ್ಕೆ ಇದೇ ಬಗೆಯ ಬಿಟ್‌ಕೀಪರ್ ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುವುದು ನಿಂತಾಗ, ಲಿನಕ್ಸ್ ಶುರುಮಾಡಿದ ಲಿನಸ್ ಟೊರ್ವಾಲ್ಡ್ಸ್ ತಾವೇ ಬರೆಯಲು ಕೂತರು. ಕೆಲವೇ ದಿನಗಳಲ್ಲಿ ಗಿಟ್‌ನ ಕೋಡನ್ನೇ ಗಿಟ್‌ನಲ್ಲಿ ಇಡುವ ಹಾಗಾಯಿತು.

ಕಾಲೇಜು ಹುಡುಗರು 'ಆ್ಯಡ್, ಕಮಿಟ್, ಪುಷ್' ಎಂದು ಉರು ಹೊಡೆದಿರುತ್ತಾರೆ. ಕಮಿಟ್‌ಗೆ ಮುಂಚೆ 'ಆ್ಯಡ್' ಬೇರೆ, ಸುಮ್ನೆ ಎರಡು ಹೆಜ್ಜೆ ಯಾಕೆ ಅಂತ ಅನ್ನಿಸುತ್ತದೆ, ಅಲ್ವಾ? ಬಿಲ್ಲಿನ ಲೆಕ್ಕ ಸರಿಮಾಡಿದಿರಿ, ಜೊತೆಗೆ ಬಟನ್ನಿನ ಬಣ್ಣವನ್ನೂ ಬದಲಾಯಿಸಿದಿರಿ. ಬಿಲ್ಲಿನ ಫೈಲನ್ನಷ್ಟೇ 'ಆ್ಯಡ್' ಮಾಡಿದರೆ ಕಮಿಟ್‌ಗೆ ಅದೊಂದೇ ಹೋಗುತ್ತದೆ. ನಾಳೆ ಬಣ್ಣ ಬೇಡ ಅಂದರೆ ಬಿಲ್ಲನ್ನು ಮುಟ್ಟಬೇಕಾಗಿಲ್ಲ.

ಫೈಲಿನಲ್ಲಿ ಇರೋದನ್ನೆಲ್ಲ ಶಾ-1 ಎಂಬ ಲೆಕ್ಕಕ್ಕೆ ಹಾಕಿ ಗಿಟ್ 40 ಅಕ್ಷರದ ಗುರುತು ತೆಗೆಯುತ್ತದೆ. ಒಂದು ಕಾಮಾ ಬದಲಾದರೂ ಗುರುತೇ ಬೇರೆ. ಫೈಲು ಬದಲಾಗದಿದ್ದರೆ ಗುರುತೂ ಅದೇ, ಹಾಗಾಗಿ ಅದನ್ನು ಮತ್ತೆ ಕೂಡಿಡುವುದಿಲ್ಲ. ಪ್ರತಿ ಕಮಿಟ್‌ಗೂ ಇಂಥದ್ದೇ ಗುರುತು ಇರುತ್ತದೆ. ಅದನ್ನು ತೆಗೆಯುವಾಗ ಹಿಂದಿನ ಕಮಿಟ್‌ನ ಗುರುತನ್ನೂ ಸೇರಿಸುವುದರಿಂದ, ಹಳೆಯದನ್ನು ಯಾರಾದರೂ ತಿದ್ದಿದರೆ ಮುಂದಿನವೆಲ್ಲ ಬದಲಾಗುತ್ತವೆ. ಬ್ರಾಂಚ್ (ಕೆಲಸದ ಒಂದು ಕವಲು) ಎಂದರೆ ಕೊನೆಯ ಕಮಿಟ್‌ನ ಗುರುತು ಬರೆದಿಟ್ಟ ಒಂದು ಚೀಟಿ, ಅಷ್ಟೇ.

ಇದು ಗೊತ್ತಿದ್ದರೆ, ಹಳೆಯ ಕಮಿಟ್‌ಗೆ ಮರಳಿಸುವ 'ರೀಸೆಟ್ ಹಾರ್ಡ್' ಹೊಡೆದಾಗ ಎದೆ ಧಸಕ್ ಅನ್ನಲ್ಲ. ಎರಡು ಕಮಿಟ್ ಹಿಂದೆ ಹೋದಿರಿ, ಲಾಗ್‌ನಲ್ಲಿ ಆ ಎರಡೂ ಮಾಯ. ಆದರೆ ಅಳಿಸಿ ಹೋಗಿರುವುದಿಲ್ಲ, ಚೀಟಿಯಲ್ಲಿನ ಗುರುತು ಬದಲಾಗಿದೆ. 'ಗಿಟ್ ರಿಫ್ಲಾಗ್' ಹೊಡೆಯಿರಿ. ನೀವು ಎಲ್ಲೆಲ್ಲಿ ಇದ್ದಿರಿ ಎಂಬ ಪಟ್ಟಿ ಬರುತ್ತದೆ. ಹಳೆಯ ಗುರುತು ಹುಡುಕಿ ಅದಕ್ಕೇ ಮತ್ತೆ ರೀಸೆಟ್ ಮಾಡಿದರೆ ಎರಡೂ ವಾಪಸ್. ಇಂಥ ಕಮಿಟ್‌ಗಳ ದಾಖಲೆ ಸಾಮಾನ್ಯವಾಗಿ 30 ದಿನವಾದರೂ ಉಳಿದಿರುತ್ತದೆ. ಇಷ್ಟು ಒಳ್ಳೆಯ ಕಮಾಂಡನ್ನು ಮೊದಲ ಪಾಠದಲ್ಲೇ ಯಾಕೆ ಹೇಳಿಕೊಡಲ್ಲವೋ!

ಕಮಿಟ್ ಮಾಡದ ಕೆಲಸವನ್ನು ಮಾತ್ರ ಈ ರೀಸೆಟ್ ನಿಜವಾಗಿಯೂ ಅಳಿಸುತ್ತದೆ. 'ಆ್ಯಡ್' ಆದರೂ ಆಗಿದ್ದರೆ ಒಂದು ದಾರಿ ಉಂಟು. 'ಎಫ್‌ಎಸ್‌ಸಿಕೆ' ಎಂಬ ಕಮಾಂಡಿಗೆ 'ಲಾಸ್ಟ್ ಫೌಂಡ್' ಸೇರಿಸಿ ಓಡಿಸಿದರೆ ಫೈಲಿನ ಹೆಸರು ಸಿಗದಿದ್ದರೂ ಒಳಗಿನ ಬರಹ ಸಿಗುತ್ತದೆ. 'ಆ್ಯಡ್' ಕೂಡ ಮಾಡದ ಸಾಲುಗಳನ್ನು ಗಿಟ್ ಕೂಡಿಟ್ಟೇ ಇರುವುದಿಲ್ಲ. ಎಡಿಟರ್ ಇನ್ನೂ ತೆರೆದಿದ್ದರೆ ಕಂಟ್ರೋಲ್ ಝಡ್ ಒತ್ತಿ ನೋಡಬಹುದು.