ಗಾಳಿ ಸಿಕ್ಕರೆ ಬೆಂಕಿ ಜಾಸ್ತಿ ಆಗುತ್ತೆ. ಮತ್ತೆ ಅಗ್ನಿಶಾಮಕದವರೇ ಕಿಟಕಿ ಒಡೆಯೋದೇಕೆ?

ಪ್ರಶ್ನೆ: ಬೆಂಕಿ ಬಿದ್ದ ಮನೆಗಳ ವಿಡಿಯೊ ನೋಡಿದರೆ ಅಗ್ನಿಶಾಮಕ ಸಿಬ್ಬಂದಿ ಕಿಟಕಿ ಗಾಜು ಒಡೆಯುತ್ತಾರೆ, ಚಾವಣಿಗೆ ತೂತು ಕೊರೆಯುತ್ತಾರೆ. ಗಾಳಿ ಆಡಿದರೆ ಬೆಂಕಿ ಹೆಚ್ಚುತ್ತದೆ ಅಂತ ಶಾಲೆಯಲ್ಲೇ ಕಲಿತಿದ್ದೇವೆ. ಹಾಗಾದರೆ ಅವರು ಮಾಡೋದು ತಪ್ಪಲ್ವಾ?

ಬೆಂಕಿ ಆರಿಸುವ ಕೆಲಸದ ಹುಚ್ಚು ಹಿಡಿದವರಿಗೆ ಪದೇ ಪದೇ ಎದುರಾಗುವ ಪ್ರಶ್ನೆ ಇದು. ನೇರವಾಗಿ ಹೇಳಿಬಿಡುತ್ತೇನೆ. ಹೋಸ್ ಪೈಪಿನಲ್ಲಿ ನೀರು ತುಂಬಿ, ನಾಝಲ್ ಹಿಡಿದವನು ಸಿದ್ಧವಾಗಿದ್ದರೆ ತಪ್ಪಲ್ಲ. ನೀರು ಬರುವ ಮೊದಲೇ ಒಡೆದರೆ ತಪ್ಪು. ಕೆಲವೊಮ್ಮೆ ಅದು ಜೀವ ತೆಗೆಯುವ ತಪ್ಪು.

ಇದು ಅರ್ಥವಾಗಬೇಕಾದರೆ ಜ್ವಾಲೆಯನ್ನು ಬಿಟ್ಟು ಹೊಗೆಯನ್ನು ನೋಡಬೇಕು. ಉರಿದು ಮುಗಿದದ್ದರ ಕಸವೇ ಹೊಗೆ ಅಂದುಕೊಂಡಿರುತ್ತೇವೆ. ನಿಜದಲ್ಲಿ ಅದರಲ್ಲಿ ಇನ್ನೂ ಉರಿಯದೆ ಉಳಿದದ್ದೇ ಬೇಕಾದಷ್ಟಿರುತ್ತದೆ. ಸೋಫಾದ ಫೋಮ್, ಪರದೆ, ಪ್ಲಾಸ್ಟಿಕ್ ಎಲ್ಲವೂ ಬಿಸಿಗೆ ಅನಿಲಗಳನ್ನು ಬಿಡುತ್ತವೆ. ಅವುಗಳ ಜೊತೆಗೆ ಮಸಿ, ಕಾರ್ಬನ್ ಮೊನಾಕ್ಸೈಡ್. ಕಾರ್ಬನ್ ಮೊನಾಕ್ಸೈಡ್ ವಿಷ ಅಂತ ಎಲ್ಲರಿಗೂ ಗೊತ್ತು. ಅದು ಚೆನ್ನಾಗಿ ಉರಿಯುತ್ತದೆ ಅನ್ನುವುದು ಮರೆತುಹೋಗುತ್ತದೆ. ಹೊಗೆ ತುಂಬಿದ ಕೋಣೆ ಅಂದರೆ ಇಂಧನ ತುಂಬಿದ ಕೋಣೆ.

ಈಗ ಬಾಗಿಲು, ಕಿಟಕಿ ಎಲ್ಲ ಮುಚ್ಚಿರುವ ಕೋಣೆ ತೆಗೆದುಕೊಳ್ಳಿ. ಗಾಳಿಯಲ್ಲಿ ಆಮ್ಲಜನಕ ಇರುವುದು ಸುಮಾರು 21%. ಅದು ಸುಮಾರು 15%ಕ್ಕೆ ಇಳಿದರೆ ಜ್ವಾಲೆ ಸೊರಗುತ್ತದೆ. ಹೊರಗೆ ನಿಂತವರಿಗೆ ಬೆಂಕಿ ತಾನಾಗಿಯೇ ಆರಿದ ಹಾಗೆ ಕಾಣುತ್ತದೆ. ಆದರೆ ಒಳಗಿನ ಬಿಸಿ ಅಷ್ಟು ಬೇಗ ಎಲ್ಲೂ ಹೋಗುವುದಿಲ್ಲ. ಸಾಮಾನುಗಳು ಅನಿಲ ಬಿಡುತ್ತಲೇ ಇರುತ್ತವೆ. ಕಮ್ಮಿ ಇರುವುದು ಗಾಳಿ ಒಂದೇ.

ಆಗ ಯಾರೋ ಕಿಟಕಿ ಒಡೆಯುತ್ತಾರೆ. ಬಿಸಿ ಹೊಗೆ ಕಿಟಕಿಯ ಮೇಲ್ಭಾಗದಿಂದ ಹೊರಗೆ ನುಗ್ಗುತ್ತದೆ. ಅದೇ ಕಿಟಕಿಯ ಕೆಳಭಾಗದಿಂದ ತಣ್ಣನೆ ಗಾಳಿ ಒಳಗೆ ಜಾರಿ, ನೆಲದ ಪಕ್ಕದಲ್ಲೇ ಬೆಂಕಿಯ ಕಡೆ ಹೋಗುತ್ತದೆ. ಮೋಸ ಇರುವುದು ಇಲ್ಲೇ. ಮೊದಲ ಕೆಲವು ಕ್ಷಣ ಪರಿಸ್ಥಿತಿ ಸುಧಾರಿಸಿದಂತೆ ಕಾಣುತ್ತದೆ. ಹೊಗೆ ಸ್ವಲ್ಪ ಮೇಲೇಳುತ್ತದೆ, ನೆಲ ಕಾಣುತ್ತದೆ. ‘ನೋಡಿ, ಒಡೆದದ್ದು ಒಳ್ಳೆಯದಾಯ್ತು’ ಅನ್ನಿಸುತ್ತದೆ. ಒಂದೆರಡು ನಿಮಿಷದೊಳಗೆ ಚಾವಣಿಯ ಕೆಳಗಿನ ಹೊಗೆ 500–600 ಡಿಗ್ರಿ ಸೆಲ್ಸಿಯಸ್ ಮುಟ್ಟಿ, ಕೋಣೆಯಲ್ಲಿರುವ ಸಾಮಾನೆಲ್ಲ ಹೆಚ್ಚುಕಮ್ಮಿ ಒಟ್ಟಿಗೇ ಹೊತ್ತಿಕೊಳ್ಳಬಹುದು. ಇದಕ್ಕೆ ಫ್ಲ್ಯಾಶ್‌ಓವರ್ ಅನ್ನುತ್ತಾರೆ. ಪೂರ್ತಿ ರಕ್ಷಣಾ ಉಡುಪು ಹಾಕಿದವರಿಗೂ ಅದರೊಳಗೆ ಸಿಗುವುದು ಕೆಲವೇ ಸೆಕೆಂಡ್.

1994ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ವಾಟ್ಸ್ ಸ್ಟ್ರೀಟ್‌ನಲ್ಲಿ ನಡೆದ ಘಟನೆಯನ್ನು ಈ ವಿಷಯ ಓದುವವರು ಯಾರೂ ತಪ್ಪಿಸಿಕೊಳ್ಳುವುದಿಲ್ಲ. ಒಲೆಯ ಮೇಲೆ ಬಿಟ್ಟುಹೋದ ಪ್ಲಾಸ್ಟಿಕ್ ಚೀಲದಿಂದ ಬೆಂಕಿ ಶುರುವಾಗಿತ್ತು. ಗಾಳಿ ಆಡದಂತೆ ಬಿಗಿಯಾಗಿ ಮುಚ್ಚಿದ ಮನೆ. ಬೆಂಕಿ ಸುಮಾರು ಒಂದು ಗಂಟೆ ಕಾಲ ಉಸಿರುಕಟ್ಟಿಕೊಂಡು ಉರಿದಿತ್ತು. ಸಿಬ್ಬಂದಿ ಬಂದು ಮನೆ ಬಾಗಿಲು ತೆರೆದರು. ಒಳಗಿನ ಬಿಸಿ ಗಾಳಿ ಹೊರಗೆ, ಹೊರಗಿನ ತಣ್ಣನೆ ಗಾಳಿ ಒಳಗೆ. ಆಮೇಲೆ ಬಾಗಿಲಿನಿಂದ ಹೊರಟ ಜ್ವಾಲೆ ಮೆಟ್ಟಿಲುಗಳ ಜಾಗವನ್ನೇ ಚಿಮಣಿ ಮಾಡಿಕೊಂಡು ಮೇಲಕ್ಕೆ ಹೋಯಿತು. ಬಾಗಿಲ ಹತ್ತಿರ ಇದ್ದವರು ಕೆಳಗೆ ಬಗ್ಗಿ ಪಾರಾದರು. ಮೇಲೆ ಮೆಟ್ಟಿಲಲ್ಲಿದ್ದ ಮೂವರು ಸಿಬ್ಬಂದಿ ಉಳಿಯಲಿಲ್ಲ. ಅಚ್ಚರಿ ಹುಟ್ಟಿಸಿದ್ದು ಆ ಜ್ವಾಲೆ ಉರಿಯುತ್ತಲೇ ಇದ್ದ ಸಮಯ. ಕನಿಷ್ಠ ಆರೂವರೆ ನಿಮಿಷ. ಆಮೇಲೆ ಕಂಪ್ಯೂಟರ್ ಮಾದರಿಯಲ್ಲಿ ಲೆಕ್ಕ ಹಾಕಿ ನೋಡಿದಾಗ ಕಾರಣ ಸಿಕ್ಕಿತು. ಒಂದು ಗಂಟೆ ಕಾಲ ಮನೆಯೊಳಗೆ ಸೇರಿಕೊಂಡಿದ್ದ ಉರಿಯದ ಹೊಗೆಯೇ ಅಷ್ಟಕ್ಕೂ ಇಂಧನ.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಒಡೆಯಬೇಕು? ಒಳಗೆ ಜನ ಇರಬಹುದು, ಅವರನ್ನು ಮೊದಲು ಕೊಲ್ಲುವುದು ಹೊಗೆ. ಸಿಬ್ಬಂದಿಗೂ ತಮ್ಮ ಕೈ ತಮಗೇ ಕಾಣುವುದಿಲ್ಲ. ಇನ್ನೊಂದು ಕಾರಣ ಹಬೆ. ನೀರು ಹಬೆಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಮುಚ್ಚಿದ ಕೋಣೆಗೆ ನೀರು ಹೊಡೆದರೆ ಆ ಹಬೆ ನಾಝಲ್ ಹಿಡಿದವನ ಮೇಲೆಯೇ ತಿರುಗಿ ಬರುತ್ತದೆ. ನೀರು ಹೊಡೆಯುವ ದಿಕ್ಕಿಗೆ ಎದುರಿನ ಕಿಟಕಿ ತೆರೆದಿದ್ದರೆ ಬಿಸಿ, ಹೊಗೆ, ಹಬೆ ಎಲ್ಲವೂ ಆ ಕಡೆಯಿಂದ ಹೊರಟುಹೋಗುತ್ತವೆ. ಹಾಗಾಗಿ ಎಲ್ಲಿ ಒಡೆಯಬೇಕು, ಯಾವಾಗ ಒಡೆಯಬೇಕು ಅನ್ನುವುದೇ ವಿದ್ಯೆ. ಸುತ್ತಿಗೆ ಬೀಸುವುದು ಯಾರಿಗಾದರೂ ಬರುತ್ತದೆ.

ನನಗೆ ತುಂಬ ಇಷ್ಟದ ತಂತ್ರ ಬರುವುದು ಬೆಂಕಿ ತಗ್ಗಿದ ಮೇಲೆ. ನಾಝಲ್ ಹಿಡಿದವನು ಕಿಟಕಿಯ ಒಳಗಡೆ ನಿಂತು, ನೀರನ್ನು ಛತ್ರಿಯಂತೆ ಹರಡಿಸಿ ಹೊರಗೆ ಬಿಡುತ್ತಾನೆ. ಕಿಟಕಿಯ ಚೌಕಟ್ಟು ಹೆಚ್ಚುಕಮ್ಮಿ ತುಂಬುವಷ್ಟು ಅಗಲ. ಹೊರಗೆ ಹಾರುವ ಹನಿಗಳು ಒಳಗಿನ ಹೊಗೆಯನ್ನೂ ಎಳೆದುಕೊಂಡು ಹೋಗುತ್ತವೆ. ಫ್ಯಾನ್ ಇಲ್ಲ, ಕರೆಂಟ್ ಇಲ್ಲ, ಬರೀ ನೀರು.

ಹಿಂದೆ ಬಂದ ಕೂಡಲೇ ಕಿಟಕಿ ಒಡೆಯುವುದು ರೂಢಿಯಾಗಿತ್ತು, ಎಷ್ಟೋ ಸಲ ಅದು ನಡೆದೂ ಹೋಗುತ್ತಿತ್ತು. ಬದಲಾದದ್ದು ನಮ್ಮ ಸಾಮಾನು. ಸುರಕ್ಷತಾ ಪರೀಕ್ಷೆಗಳನ್ನು ನಡೆಸುವ ಅಮೆರಿಕದ ಯುಎಲ್ ಸಂಸ್ಥೆ ಎರಡು ಕೋಣೆಗಳಿಗೆ ಬೆಂಕಿ ಹಚ್ಚಿ ಹೋಲಿಸಿತ್ತು. ಒಂದರಲ್ಲಿ ಹಳೆ ಕಾಲದ ಮರ, ಹತ್ತಿಯ ಪೀಠೋಪಕರಣ, ಇನ್ನೊಂದರಲ್ಲಿ ಈಗಿನ ಫೋಮ್, ಸಿಂಥೆಟಿಕ್ ಬಟ್ಟೆ. ಹಳೆಯದು ಫ್ಲ್ಯಾಶ್‌ಓವರ್ ಮುಟ್ಟಲು 29 ನಿಮಿಷಕ್ಕೂ ಜಾಸ್ತಿ ತೆಗೆದುಕೊಂಡಿತು. ಹೊಸದಕ್ಕೆ 4 ನಿಮಿಷವೂ ಬೇಕಾಗಲಿಲ್ಲ. ಅಂದರೆ ಈಗ ಮುಚ್ಚಿದ ಮನೆಯೊಂದರಲ್ಲಿ ಅಗ್ನಿಶಾಮಕ ವಾಹನ ಬರುವ ಹೊತ್ತಿಗೆ ಬೆಂಕಿ ಗಾಳಿ ಮುಗಿಸಿಕೊಂಡು ಹಸಿದು ಕೂತಿರುವ ಸಾಧ್ಯತೆಯೇ ಹೆಚ್ಚು. 2012ರಲ್ಲಿ ನ್ಯೂಯಾರ್ಕ್‌ನ ಗವರ್ನರ್ಸ್ ದ್ವೀಪದಲ್ಲಿ ಖಾಲಿ ಮನೆಗಳನ್ನೇ ಸುಟ್ಟು ನಡೆಸಿದ ಪ್ರಯೋಗಗಳಲ್ಲೂ ಇದೇ ಕಂಡಿತು. ಅದಕ್ಕೇ ಈಗ ಮುಂಬಾಗಿಲನ್ನೂ ಕಿಟಕಿಯಂತೆಯೇ ಲೆಕ್ಕಕ್ಕೆ ಹಿಡಿಯುತ್ತಾರೆ. ಪೈಪ್ ಒಳಗೆ ಹೋಗುವಷ್ಟು ಸಂದಿ ಬಿಟ್ಟು, ಬಾಗಿಲು ಹಿಡಿದುಕೊಳ್ಳಲೆಂದೇ ಒಬ್ಬರನ್ನು ನಿಲ್ಲಿಸುತ್ತಾರೆ.

ನೀರು ಇಲ್ಲದೆಯೂ ಕಿಟಕಿ ಒಡೆಯುವ ಒಂದು ಸಂದರ್ಭ ಇದೆ. ಒಳಗಿನ ಕೋಣೆಯಲ್ಲಿ ಯಾರೋ ಸಿಕ್ಕಿಕೊಂಡಿದ್ದಾರೆ ಅಂತ ಖಚಿತವಾದಾಗ ಏಣಿ ಹಾಕಿ, ಆ ಕೋಣೆಯ ಕಿಟಕಿ ಒಡೆದು ಒಳಗೆ ಇಳಿಯುತ್ತಾರೆ. ಇಳಿದವರು ಮೊದಲು ಜನರನ್ನು ಹುಡುಕುವುದಿಲ್ಲ. ತೆವಳಿಕೊಂಡು ಹೋಗಿ ಕೋಣೆಯ ಬಾಗಿಲು ಹುಡುಕಿ ಮುಚ್ಚುತ್ತಾರೆ. ಆಮೇಲೆ ಹುಡುಕಾಟ. ಒಡೆದ ಕಿಟಕಿಗೂ ಬೆಂಕಿಗೂ ನಡುವಿನ ದಾರಿ ಕಡಿದುಹೋಗುವುದು ಆ ಬಾಗಿಲಿನಿಂದ.

ನಮಗೂ ಲೆಕ್ಕ ಅದೇ. ಹೊರಗೆ ನಿಂತು ‘ಪಾಪ, ಹೊಗೆಯಾದರೂ ಹೋಗಲಿ’ ಅಂತ ಕಲ್ಲು ಎಸೆಯಬೇಡಿ. ಮನೆಯಿಂದ ಓಡುವಾಗ ಬಾಗಿಲು ಎಳೆದುಕೊಂಡು ಹೋಗಿ, ಬೀಗ ಮಾತ್ರ ಬೇಡ. ಕೋಣೆಯಲ್ಲೇ ಸಿಕ್ಕಿಕೊಂಡರೆ ಮೊದಲು ಬಾಗಿಲು ಮುಚ್ಚಿ, ಕೆಳಗಿನ ಸಂದಿಗೆ ಒದ್ದೆ ಬಟ್ಟೆ ತುರುಕಿ. ಕಿಟಕಿ ತೆರೆಯುವುದು ಅದಾದ ಮೇಲೆ. ತೆರೆದಾಗ ಹೊರಗಿನಿಂದಲೇ ಹೊಗೆ ಒಳಗೆ ಬಂದರೆ ಮತ್ತೆ ಮುಚ್ಚಬೇಕಾಗುತ್ತದೆ, ಹಾಗಾಗಿ ಗಾಜು ಒಡೆಯಲು ಹೋಗಬೇಡಿ.