ಮಸ್ಕಿಯ ಕಲ್ಲು, ಯಂತ್ರದ ಹುಡುಕಾಟ

1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸಿದಾಗ ಶಾಸನಗಳಲ್ಲಿ ಸಿಕ್ಕ ಅರಸನ ಹೆಸರು ‘ದೇವಾನಂಪಿಯ ಪಿಯದಸಿ’. ಯಾರೀತ? ಸಿಂಹಳದಲ್ಲಿ ದೇವಾನಂಪಿಯ ತಿಸ್ಸ ಎಂಬ ದೊರೆಯಿದ್ದನಲ್ಲ, ಅವನೇ ಇರಬೇಕೆಂದು ಪ್ರಿನ್ಸೆಪ್ ಮೊದಲು ಬಗೆದರು. ಸಿಂಹಳದ ಪಾಲಿ ಗ್ರಂಥಗಳನ್ನು ಓದುತ್ತಿದ್ದ ಜಾರ್ಜ್ ಟರ್ನೋರ್ ಅದನ್ನು ತಿದ್ದಿ, ಈತ ಅಶೋಕ ಎಂದರು. ಆ ಮಾತಿಗೆ ಕಲ್ಲಿನ ಸಾಕ್ಷಿ ಸಿಕ್ಕಿದ್ದು 1915ರಲ್ಲಿ, ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡ ಬಂಡೆಯ ಮೇಲೆ ‘ಅಸೋಕಸ’ ಎಂದೇ ಕೊರೆದಿತ್ತು.

ಕೃತಕ ಬುದ್ಧಿಮತ್ತೆ ಸಂಶೋಧನೆಯನ್ನು ಹೇಗೆ ಬದಲಿಸುತ್ತಿದೆ ಎಂಬ ಮಾತು ಬಂದಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ. ಕಂಪ್ಯೂಟರಿನ ಹಳೆಯ ಹುಡುಕಾಟ ಪುಸ್ತಕದ ಕೊನೆಯ ಪದಸೂಚಿಯಂತೆ. ‘ಅಶೋಕ’ ಎಂದು ಕೇಳಿದರೆ ಆ ಪದವಿರುವ ಪುಟವಷ್ಟೇ ಸಿಗುತ್ತದೆ, ‘ಪಿಯದಸಿ’ ಎಂದಷ್ಟೇ ಇರುವ ಶಾಸನ ಸಿಗದು. ತುಂಗಭದ್ರಾ ಅಚ್ಚುಕಟ್ಟಿನ ರೈತರು ಉಪ್ಪೇರಿದ ಮಣ್ಣಿಗೆ ‘ಸವಳು’ ಎನ್ನುವುದನ್ನು ಪ್ರಬಂಧಗಳು ‘ಸಲೈನ್ ಸಾಯಿಲ್’ ಎನ್ನುತ್ತವೆ. ಒಂದನ್ನು ಕೇಳಿದರೆ ಇನ್ನೊಂದು ಕೈಗೆ ಬರುತ್ತಿರಲಿಲ್ಲ.

ಕೃತಕ ಬುದ್ಧಿಮತ್ತೆಯ ಈಗಿನ ಮಾದರಿಗಳು ಪದವನ್ನೋ ವಾಕ್ಯವನ್ನೋ ನೂರಾರು ಸಂಖ್ಯೆಗಳ ಸಾಲಾಗಿಸುತ್ತವೆ. ಒಂದೇ ಬಗೆಯ ಪದಗಳ ಸಹವಾಸದಲ್ಲಿ ಬರುವ ಪದಗಳಿಗೆ ಹತ್ತಿರದ ಸಂಖ್ಯೆಗಳು. ಉಪ್ಪು, ಬಸಿಗಾಲುವೆ, ಭತ್ತದ ಇಳುವರಿ ಇವುಗಳ ಜತೆ ಬರುವುದರಿಂದ ಸವಳು, ಸಲೈನ್ ಎರಡೂ ನೆರೆಹೊರೆಯಾಗುತ್ತವೆ. ಕನ್ನಡ ಪಠ್ಯ ಸಾಕಷ್ಟಿದ್ದರೆ ಮಾತ್ರ, ಅನ್ನಿ.

ಆದರೆ ಪ್ರಿನ್ಸೆಪ್ ಎಡವಿದ್ದೂ ಸಹವಾಸದಲ್ಲೇ. ತಿಸ್ಸನಿಗೂ ಅದೇ ಬಿರುದು, ಅವನೂ ಬೌದ್ಧ, ಕಾಲವೂ ಅದೇ. ಹತ್ತಿರದವರೆಲ್ಲ ಒಬ್ಬರೇ ಅಲ್ಲ. ಉತ್ತರ ಬರೆಯುವ ಯಂತ್ರಗಳು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತವೆ: ಮುಂದೆ ಯಾವ ಪದ ಬರಬಹುದೆಂದು ಅಂದಾಜಿಸುತ್ತ ವಾಕ್ಯ ಕಟ್ಟುತ್ತವೆ. ಕೊಪ್ಪಳದ ಗವಿಮಠದ ಶಾಸನದ ಬಗ್ಗೆ ಕೇಳಿದಾಗ ನನಗೊಂದು ಪ್ರಬಂಧದ ಹೆಸರು, ಸಂಪುಟ, ಪುಟಸಂಖ್ಯೆ ಎಲ್ಲ ಬಂತು. ಎಷ್ಟು ಹುಡುಕಿದರೂ ಅಂಥ ಪ್ರಬಂಧವೇ ಇರಲಿಲ್ಲ. ಮೊದಲು ದಾಖಲೆ ಹುಡುಕಿ, ಅದನ್ನು ಮುಂದಿಟ್ಟುಕೊಂಡು ಉತ್ತರಿಸುವ ವಿಧಾನ ಈಗ ಬಳಕೆಯಲ್ಲಿದೆ. ಇದರಿಂದ ತಪ್ಪು ತಗ್ಗುತ್ತದೆ, ನಿಲ್ಲುವುದಿಲ್ಲ.

ಪ್ರಾಚೀನ ಗ್ರೀಕ್ ಶಾಸನಗಳಲ್ಲಿ ಅಳಿಸಿಹೋದ ಅಕ್ಷರ ತುಂಬುವ ‘ಇಥಾಕಾ’ ಮಾದರಿ 2022ರಲ್ಲಿ ಬಂತು. ಪರೀಕ್ಷೆಯಲ್ಲಿ ಯಂತ್ರವೊಂದೇ ಶೇ. 62ರಷ್ಟು ಸರಿ ತುಂಬಿತು, ಇತಿಹಾಸಕಾರರು ತಾವಾಗಿ ಶೇ. 25, ಯಂತ್ರದ ನೆರವಿನಿಂದ ಶೇ. 72. ಕುರುಗೋಡು, ಕುಕನೂರು, ಇಟಗಿಗಳ ಶಾಸನಗಳಿಗೂ ಇಂಥ ನೆರವು ಬೇಕೆಂಬುದು ನನ್ನ ಆಸೆ. ಅದಕ್ಕೆ ಮೊದಲು ಆ ಕಲ್ಲುಗಳ ಪಡಿಯಚ್ಚುಗಳೂ ತಿದ್ದಿದ ಪಾಠಗಳೂ ಎಲ್ಲರಿಗೂ ಸಿಗುವಂತಾಗಬೇಕು.