ಅಂಡಮಾನಿನ ಹತ್ತು ಭಾಷೆಗಳು ಕರಗಿದ್ದು ಹೇಗೆ?

2010ರ ಜನವರಿಯಲ್ಲಿ ಬೋವಾ ಎಂಬ ಅಜ್ಜಿ ಪೋರ್ಟ್ ಬ್ಲೇರ್‌ನಲ್ಲಿ ತೀರಿಕೊಂಡರು. ಅವರೊಂದಿಗೆ ಅಕಾ-ಬೋ ಭಾಷೆಯೂ ಹೋಯಿತು ಎಂದು ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ನಿಜ ಹೇಳಬೇಕೆಂದರೆ ಆ ಭಾಷೆಗೆ ಕುತ್ತು ಬಂದು ಆಗಲೇ ನೂರೈವತ್ತು ವರ್ಷ ಆಗಿತ್ತು.

1858ರಲ್ಲಿ ಬ್ರಿಟಿಷರು ಅಲ್ಲಿ ಕೈದಿಗಳ ನೆಲೆ ಕಟ್ಟಿದಾಗ ಗ್ರೇಟ್ ಅಂಡಮಾನಿ ಜನ ಹತ್ತು ಬುಡಕಟ್ಟುಗಳಾಗಿದ್ದರು. ಒಂದೊಂದಕ್ಕೂ ಒಂದೊಂದು ಮಾತು. ಒಟ್ಟು ಐದು ಸಾವಿರ ಜನ ಇದ್ದಿರಬಹುದೆಂದು ಅಂದಾಜು. 1877ರ ದಡಾರ ಊರೂರನ್ನೇ ಗುಡಿಸಿ ಹಾಕಿತು. 1901ರ ಜನಗಣತಿಗೆ ಸಿಕ್ಕವರು 625, 1961ರದಕ್ಕೆ 19.

ಉಳಿದವರನ್ನು 1970ರ ಸುಮಾರಿಗೆ ಸ್ಟ್ರೇಟ್ ದ್ವೀಪಕ್ಕೆ ತಂದು ಇರಿಸಲಾಯಿತು. ಜೀವ ಉಳಿಯಿತು, ಸುಳ್ಳಲ್ಲ. ಆದರೆ ಬೇರೆ ಬೇರೆ ಬುಡಕಟ್ಟಿನ ಬೆರಳೆಣಿಕೆಯ ಜನ ಒಂದೇ ಕಡೆ ಸೇರಿದರೆ ಯಾರು ಯಾರ ಭಾಷೆ ಆಡಬೇಕು? ಹತ್ತರಲ್ಲೊಂದಾದ ಜೇರು ಭಾಷೆ ಜಾಸ್ತಿ, ಉಳಿದವು ಅಲ್ಲಿಷ್ಟು ಇಲ್ಲಿಷ್ಟು ಸೇರಿ ಒಂದು ಬೆರಕೆ ಮಾತು ಹುಟ್ಟಿತು. ಮಕ್ಕಳಿಗೆ ಅದೂ ಬೇಡವಾಯಿತು. ಶಾಲೆಯಲ್ಲೂ ಆಸ್ಪತ್ರೆಯಲ್ಲೂ ನಡೆಯುವುದು ಹಿಂದಿಯೇ ಅಲ್ವಾ?

ಭಾಷಾವಿಜ್ಞಾನಿ ಅನ್ವಿತಾ ಅಬ್ಬಿ ಧ್ವನಿಮುದ್ರಣ ಯಂತ್ರ ಹಿಡಿದು ಹೋದದ್ದು ಈ ಹೊತ್ತಿನಲ್ಲಿ. ಅವರು ಕಂಡ ವ್ಯಾಕರಣ ಸೋಜಿಗದ್ದು. ನಾವು ನನ್ನ ತಲೆ, ನನ್ನ ಬಾಯಿ, ನನ್ನ ಕಾಲು ಎಂದು ಎಲ್ಲಕ್ಕೂ ಒಂದೇ ಥರ ಹೇಳುತ್ತೇವೆ. ಅಲ್ಲಿ ದೇಹವನ್ನು ಏಳು ವಲಯ ಮಾಡಿ, ವಲಯಕ್ಕೊಂದು ಗುರುತನ್ನು ಪದದ ಮೊದಲಿಗೆ ಹಚ್ಚುತ್ತಾರೆ. ಕ್ರಿಯಾಪದಗಳೂ ಆ ಗುರುತು ಹೊತ್ತೇ ಬರುತ್ತವೆ. ಇದನ್ನೆಲ್ಲ ಹೇಳಿಕೊಟ್ಟವರಲ್ಲಿ ಬೋವಾ ಕೂಡ ಒಬ್ಬರು. ತಮ್ಮ ಭಾಷೆಯಲ್ಲಿ ಉತ್ತರ ಕೊಡುವವರು ಇಲ್ಲದೆ ಅವರು ಹಕ್ಕಿಗಳ ಜೊತೆ ಮಾತಾಡುತ್ತಿದ್ದರು. ಹಕ್ಕಿಗಳು ತಮ್ಮ ಹಿರಿಯರು ಎಂಬುದು ಅವರ ಜನರ ನಂಬಿಕೆ.

ಹತ್ತರಲ್ಲಿ ಇನ್ನೊಂದಾದ ಸಾರೆ ಭಾಷೆಯನ್ನು ಬಲ್ಲ ಕೊನೆಯವರು ಲಿಚೋ ಎಂಬ ಹೆಂಗಸು; 2020ರಲ್ಲಿ ಅವರು ತೀರಿಕೊಂಡಾಗ ಅದೂ ಮುಗಿಯಿತು. ದೇಶದ ಜನಗಣತಿಯಂತೂ 1971ರಿಂದ ಹತ್ತು ಸಾವಿರಕ್ಕಿಂತ ಕಡಿಮೆ ಜನರಾಡುವ ಭಾಷೆಗಳ ಹೆಸರನ್ನೇ ಪ್ರಕಟಿಸುವುದಿಲ್ಲ. ಪಟ್ಟಿಯಲ್ಲೇ ಇಲ್ಲದ್ದಕ್ಕೆ ಪಠ್ಯಪುಸ್ತಕ ಕೇಳುವವರು ಯಾರು?

ಪಕ್ಕದ ಜಾರವಾ ಜನರ ಮಕ್ಕಳು ಇನ್ನೂ ತಮ್ಮ ಭಾಷೆಯಲ್ಲೇ ಆಡುತ್ತಾರೆ. ಅವರು ಹೊರಗಿನವರಿಂದ ದೂರ ಉಳಿದದ್ದು 1990ರ ದಶಕದ ಕೊನೆಯವರೆಗೂ. ಅವರ ಕಾಡು ಸೀಳಿ ಹೋಗುವ ಟ್ರಂಕ್ ರಸ್ತೆಯನ್ನು ಅಲ್ಲಿ ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2002ರಲ್ಲಿ. ಅದಾದ ಎಷ್ಟೋ ವರ್ಷಗಳ ಮೇಲೂ ಪ್ರವಾಸಿಗರ ಗಾಡಿಗಳು ಅಲ್ಲೇ ಸಾಲುಗಟ್ಟಿ ಓಡಿವೆ.